ನೀಲಿ ಹಾಲಿನ ಮರ, ಪಾಷಾಣದ ಜರಿ

ಚಿಕ್ಕು ಕಿತ್ತವರಿಗೆಲ್ಲ ಆ ಅಂಟು ಗೊತ್ತು. ತೊಟ್ಟು ಮುರಿದ ಜಾಗದಲ್ಲಿ ಬಿಳಿ ಹಾಲು ಜಿನುಗಿ ಬೆರಳಿಗೆ ಹಿಡಿದುಕೊಳ್ಳುತ್ತದೆ. ನೀರಿಗೆ ಜಗ್ಗುವುದಿಲ್ಲ, ಎಣ್ಣೆ ಹಚ್ಚಿ ತಿಕ್ಕಬೇಕು. ಅದೇ ಚಿಕ್ಕುವಿನ ಕುಟುಂಬದ ಇನ್ನೊಂದು ಮರ ಆಸ್ಟ್ರೇಲಿಯಾದಿಂದ ಪೂರ್ವಕ್ಕೆ, ಪೆಸಿಫಿಕ್ ಸಾಗರದ ನಡುವೆ, ನ್ಯೂ ಕ್ಯಾಲೆಡೋನಿಯ ಎಂಬ ದ್ವೀಪದ ಮಳೆಕಾಡಿನಲ್ಲಿ ಬೆಳೆಯುತ್ತದೆ. ನೋಡಲು ಏನೂ ವಿಶೇಷವಿಲ್ಲ. ಪಕ್ಕದ ಹತ್ತು ಮರಗಳ ಜೊತೆ ನಿಲ್ಲಿಸಿದರೆ ಹನ್ನೊಂದನೆಯದು ಅಷ್ಟೆ. ಅದರ ತೊಗಟೆಗೆ ಚಾಕುವಿನ ತುದಿಯಿಂದ ಸಣ್ಣದೊಂದು ಗೀರು ಎಳೆಯಿರಿ. ಇಲ್ಲೂ ಹಾಲು ಒಸರುತ್ತದೆ. ಆದರೆ ಬಿಳಿಯಲ್ಲ, ನೀಲಿ! ಹಸಿರು ಬೆರೆತ ದಟ್ಟ ನೀಲಿ. ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನ ಅಡಿಕೆ ತೋಟದ ಡ್ರಮ್ಮಿನಲ್ಲಿ ಮೈಲುತುತ್ತ ಕದಡಿದಾಗ ಕಾಣುತ್ತದಲ್ಲ, ಹೆಚ್ಚುಕಡಿಮೆ ಆ ಬಣ್ಣ. ಜೀವಂತ ಮರದ ಮೈಯಿಂದ ಮೈಲುತುತ್ತದ ನೀರು ಇಳಿದಂತೆ.

ಬಣ್ಣ ಲೋಹದ್ದು. ಮೈಲುತುತ್ತದಲ್ಲಿರುವುದು ತಾಮ್ರ, ಈ ಮರದಲ್ಲಿರುವುದು ನಿಕ್ಕಲ್. ಸ್ಟೀಲ್ ಪಾತ್ರೆಯಲ್ಲಿ, ನಾಣ್ಯದಲ್ಲಿ, ಬ್ಯಾಟರಿಯಲ್ಲಿ ಇರುವ ಅದೇ ನಿಕ್ಕಲ್. ಎಷ್ಟಿದೆ ಎಂದು ಕೇಳಿದರೆ ಕುಳಿತುಕೊಂಡೇ ಉತ್ತರ ಕೇಳಬೇಕು. ಆ ಹಾಲನ್ನು ಒಣಗಿಸಿ ತೂಗಿದರೆ ತೂಕದ ಕಾಲು ಭಾಗ, ಸರಿಯಾಗಿ ಹೇಳುವುದಾದರೆ ಶೇ. 25.7, ಬರೀ ನಿಕ್ಕಲ್. ಟಿ. ಝಾಫ್ರೆ, ರಾಬರ್ಟ್ ಬ್ರೂಕ್ಸ್ ಮತ್ತು ಸಂಗಡಿಗರು 1976ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಆಗ ಮರದ ಹೆಸರು ಸೆಬರ್ಟಿಯ ಅಕ್ಯುಮಿನಾಟ, ಈಗ ಪಿಕ್ನಾಂಡ್ರ ಅಕ್ಯುಮಿನಾಟ. ಫ್ರೆಂಚ್ ಆಡುವ ಆ ದ್ವೀಪದ ಜನ ಮಾತ್ರ ಈ ಲ್ಯಾಟಿನ್ ರಗಳೆಗೆ ಹೋಗದೆ ‘ನೀಲಿ ರಸ’ ಎಂದು ತಮ್ಮ ಭಾಷೆಯಲ್ಲಿ ಕರೆದುಬಿಟ್ಟಿದ್ದಾರೆ.

ಈ ಕಾಲು ಭಾಗ ಎಂದರೆ ಏನೆಂದು ಅಳೆಯಲು ಒಂದು ಹೋಲಿಕೆ ಬೇಕು. ಸಾಮಾನ್ಯ ಗಿಡದ ಒಂದು ಕಿಲೋ ಒಣ ಎಲೆಯಲ್ಲಿ ನಿಕ್ಕಲ್ ಇರುವುದು ಕೆಲವೇ ಮಿಲಿಗ್ರಾಂ. ಅದು ಹತ್ತಾರು ಮಿಲಿಗ್ರಾಂಗೆ ಏರಿದರೆ ಬಹುಪಾಲು ಬೆಳೆಗಳ ಎಲೆ ಹಳದಿಯಾಗಿ, ಬೇರು ಕುಂಟಾಗಿ, ಗಿಡ ಸೊರಗುತ್ತದೆ. ಒಣಗಿಸಿದ ನೀಲಿ ಹಾಲಿನಲ್ಲಿರುವುದು ಕಿಲೋಗೆ ಎರಡೂವರೆ ಲಕ್ಷ ಮಿಲಿಗ್ರಾಂ! ನೆಲ ಅಗೆದು ತೆಗೆಯುವ ಅದಿರಿನಲ್ಲಿ ನೂರಕ್ಕೆ ಎರಡು ಭಾಗ ನಿಕ್ಕಲ್ ಸಿಕ್ಕರೆ ಗಣಿಯವರಿಗೆ ಸಂತೋಷ. ಈ ಮರದ ತೊಗಟೆಯಲ್ಲೇ ಅದಕ್ಕಿಂತ ಹೆಚ್ಚಿದೆ. ಬೆಳೆದು ನಿಂತ ಒಂದೇ ಮರದೊಳಗೆ ಸುಮಾರು 37 ಕಿಲೋ ನಿಕ್ಕಲ್ ಇರಬಹುದೆಂಬ ಅಂದಾಜಿದೆ. ಮುಕ್ಕಾಲು ಮೂಟೆ ಸಿಮೆಂಟಿನಷ್ಟು ತೂಕದ ಲೋಹವನ್ನು ಹೊತ್ತುಕೊಂಡು, ಏನೂ ಆಗದವರಂತೆ, ಚಿಗುರಿ ಹೂಬಿಟ್ಟು ನಿಂತಿದೆ.

ನ್ಯೂ ಕ್ಯಾಲೆಡೋನಿಯದ ನೆಲವೇ ವಿಚಿತ್ರ. ಭೂಮಿಯ ಆಳದ, ಮ್ಯಾಂಟಲ್ ಪದರದ ಬಂಡೆ ಮೇಲೆದ್ದು ಬಂದು ಅಲ್ಲಿ ಹಾಸಿಕೊಂಡಿದೆ. ಮೆಗ್ನೀಸಿಯಂ, ನಿಕ್ಕಲ್, ಕ್ರೋಮಿಯಂ ತುಂಬಿದ, ಪೋಷಕಾಂಶ ಬತ್ತಿದ ಕೆಂಪು ಮಣ್ಣು. ನಮ್ಮ ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಪಟ್ಟಿಯಲ್ಲಿ, ಕ್ರೋಮೈಟ್ ಗಣಿಯಿದ್ದ ಬೈರಾಪುರದ ಸುತ್ತ ಇರುವುದೂ ಇದೇ ಬಳಗದ, ಆದರೆ ಬಲು ಹಳೆಯ ಬಂಡೆ. ಇಂಥ ಮಣ್ಣಿನಲ್ಲಿ ಬದುಕುವ ಗಿಡಗಳಲ್ಲಿ ಹೆಚ್ಚಿನವು ಲೋಹವನ್ನು ಹೊರಗೇ ತಡೆಯುತ್ತವೆ. ಬೇರಿನ ಹೊಸ್ತಿಲು ದಾಟಲು ಬಿಡುವುದಿಲ್ಲ, ದಾಟಿದರೂ ಬೇರಿನಲ್ಲೇ ಕೂಡಿಹಾಕುತ್ತವೆ. ಕೆಲವೇ ಕೆಲವು ಮಾತ್ರ ತದ್ವಿರುದ್ಧ. ಬಾಗಿಲು ತೆರೆದು, ಕೈಹಿಡಿದು, ಮೇಲೆ ಎಲೆಯವರೆಗೂ ಕರೆದುಕೊಂಡು ಹೋಗುತ್ತವೆ. ಇವಕ್ಕೆ ವಿಜ್ಞಾನಿಗಳು ಕೊಟ್ಟ ಹೆಸರು ಹೈಪರ್‌ಅಕ್ಯುಮುಲೇಟರ್. ಹೊಟ್ಟೆಬಾಕ ಎಂಬ ಮಾತು ನಮ್ಮಲ್ಲಿರುವಾಗ ನಾನಂತೂ ‘ಲೋಹಬಾಕ’ ಎಂದೇ ಕರೆಯುತ್ತೇನೆ.

ಲೋಹಬಾಕರನ್ನು ಕಾಡಿನಲ್ಲಿ ಪತ್ತೆ ಹಚ್ಚುವ ಬಗೆ ಇನ್ನೂ ಸೊಗಸು. ಡೈಮೀಥೈಲ್‌ಗ್ಲೈಆಕ್ಸಿಮ್ ಎಂಬ ರಾಸಾಯನಿಕದಲ್ಲಿ ನೆನೆಸಿ ಒಣಗಿಸಿದ ಬಿಳಿ ಸೋಸುಕಾಗದದ ಚೂರು ಜೇಬಿನಲ್ಲಿದ್ದರೆ ಸಾಕು. ಎಲೆ ಕಿತ್ತು, ಕಾಗದದ ಮೇಲಿಟ್ಟು, ಹೆಬ್ಬೆರಳಿನಿಂದ ಒತ್ತಿ ಹಿಂಡಬೇಕು. ನೂರು ಗಿಡಗಳ ಎಲೆ ಒತ್ತಿದರೆ ನೂರು ಹಸಿರು ಕಲೆ. ಬೇಸರ ಬಂದು ನೂರೊಂದನೆಯದನ್ನು ಒತ್ತುತ್ತೀರಿ, ಹಸಿರು ಕಲೆಯ ಅಂಚಿನಿಂದ ಗುಲಾಬಿ ಬಣ್ಣ ಹಬ್ಬಲು ಶುರು! ಕ್ಷಣದಲ್ಲಿ ಕಾಗದ ದಾಸವಾಳದ ಕೆಂಪಿಗೆ ತಿರುಗುತ್ತದೆ. ಎಲೆಯೊಳಗೆ ನಿಕ್ಕಲ್ ಇದೆ ಎಂಬುದಕ್ಕೆ ಅದೇ ಸಾಕ್ಷಿ. ಪ್ರಯೋಗಶಾಲೆ ಬೇಡ, ಕರೆಂಟು ಬೇಡ.

ಬ್ರೂಕ್ಸ್ ಅವರ ತಲೆ ಇನ್ನೂ ಮುಂದೆ ಓಡಿತು. ಕಾಡಿಗೆ ಹೋಗುವುದೇ ಏಕೆ? ಪ್ರಪಂಚದ ಸಸ್ಯಾಗಾರಗಳಲ್ಲಿ ನೂರಾರು ವರ್ಷಗಳಿಂದ ಒತ್ತಿ ಒಣಗಿಸಿ ಅಂಟಿಸಿಟ್ಟ ಎಲೆಗಳಿವೆಯಲ್ಲ! ಅವುಗಳಿಂದ ಉಗುರಿನಷ್ಟಗಲದ ಚೂರು ತರಿಸಿಕೊಂಡು ಪರೀಕ್ಷಿಸಿದರು. 1977ರಲ್ಲಿ ಪ್ರಕಟವಾದ ಆ ಕೆಲಸ ಒಂದು ಪತ್ತೇದಾರಿ ಕಥೆ. ಕಪಾಟಿನಲ್ಲಿ ಮಲಗಿದ್ದ ಒಣ ಎಲೆಯೊಂದು, ತಾನು ಬೆಳೆದಿದ್ದ ದೂರದ ಬೆಟ್ಟದ ಕೆಳಗೆ ನಿಕ್ಕಲ್ ಇರುವ ಬಂಡೆಯಿದೆ ಎಂದು ಕೂತಲ್ಲೇ ಹೇಳಿತು. ಎಲೆ ಸಂಗ್ರಹಿಸಿದವರಿಗೂ ಅದು ಗೊತ್ತಿರಲಿಲ್ಲ.

ಹಾಗೆ ನೋಡಿದರೆ ಕಥೆಯ ಮೊದಲ ಪುಟ ಇಟಲಿಯದು. ಟಸ್ಕನಿಯ ಕಪ್ಪು ಕಲ್ಲುಗಳ ಮೇಲೆ ಮಾತ್ರ ಬೆಳೆಯುವ ಹಳದಿ ಹೂವಿನ ಪುಟ್ಟ ಗಿಡವೊಂದನ್ನು 16ನೇ ಶತಮಾನದಲ್ಲೇ ಆಂಡ್ರಿಯ ಚೆಸಾಲ್ಪಿನೊ ಗುರುತಿಸಿದ್ದ. ಸಾಸಿವೆಯ ಸಂಬಂಧಿ ಅದು. 1948ರಲ್ಲಿ ಮಿಂಗುಝಿ ಮತ್ತು ವೆರ್ಗ್ನಾನೊ ಎಂಬ ಇಬ್ಬರು ಅದರ ಎಲೆ ಪರೀಕ್ಷಿಸಿದಾಗ ಹತ್ತಿರ ಹತ್ತಿರ ನೂರಕ್ಕೆ ಒಂದು ಭಾಗ ನಿಕ್ಕಲ್ ಸಿಕ್ಕಿತ್ತು. 2018ರ ಪಟ್ಟಿಯ ಪ್ರಕಾರ, ಜಗತ್ತಿನಲ್ಲಿ ಆಗ ಗೊತ್ತಿದ್ದ ಲೋಹಬಾಕ ಗಿಡಗಳು 721 ಜಾತಿ. ಅದರಲ್ಲಿ ಐನೂರಕ್ಕೂ ಹೆಚ್ಚು ನಿಕ್ಕಲ್ ಪ್ರಿಯರು. ಉಳಿದವು ಸತು, ಮ್ಯಾಂಗನೀಸ್, ಕ್ಯಾಡ್ಮಿಯಂ, ಕೋಬಾಲ್ಟ್, ತಾಮ್ರ, ಸೆಲೆನಿಯಂ ಎಂದು ಹಂಚಿಕೊಂಡಿವೆ. ಮೂರು ಲಕ್ಷಕ್ಕೂ ಮಿಕ್ಕಿದ ಹೂಗಿಡಗಳ ಲೋಕದಲ್ಲಿ ಏಳುನೂರು ಚಿಲ್ಲರೆ!

ಕಾಲಿಲ್ಲದ, ಬಾಯಿಲ್ಲದ ಜೀವಿ ಮಣ್ಣಿನಿಂದ ಲೋಹ ಎತ್ತುವುದಾದರೂ ಹೇಗೆ?

ಶುರುವಾಗುವುದು ಹಸಿವಿನಿಂದ. ಎಲ್ಲ ಗಿಡಕ್ಕೂ ಕಬ್ಬಿಣ ಬೇಕು, ಸತು ಬೇಕು, ಚಿಟಿಕೆಯಷ್ಟು ನಿಕ್ಕಲ್ ಕೂಡ ಬೇಕು. ಬೇರಿನ ಜೀವಕೋಶದ ಪೊರೆಯಲ್ಲಿ ಇವನ್ನು ಒಳಗೆಳೆಯಲೆಂದೇ ಪ್ರೋಟೀನಿನ ಸಣ್ಣ ಸಣ್ಣ ದ್ವಾರಗಳಿವೆ. ಆದರೆ ಆ ದ್ವಾರಪಾಲಕರ ಕಣ್ಣು ಅಷ್ಟು ಚುರುಕಲ್ಲ. ಕಬ್ಬಿಣಕ್ಕೆಂದು ಇರುವ ಐಆರ್‌ಟಿ1 ಎಂಬ ಬಾಗಿಲಿನಲ್ಲಿ ಸತು, ಮ್ಯಾಂಗನೀಸ್, ಕೋಬಾಲ್ಟ್ ಮಾತ್ರವಲ್ಲ, ಕ್ಯಾಡ್ಮಿಯಂನಂಥ ಶುದ್ಧ ವಿಷವೂ ನುಸುಳುತ್ತದೆ. ವಿದ್ಯುತ್ ಆವೇಶ ಒಂದೇ, ಗಾತ್ರ ಹತ್ತಿರ ಹತ್ತಿರ. ಮದುವೆ ಮನೆಯಲ್ಲಿ ಒಳ್ಳೆ ಪಂಚೆ ಉಟ್ಟು ಬಂದವನನ್ನು ಯಾರ ಕಡೆಯವರು ಎಂದು ಕೇಳುವವರಾರು?

ಒಳಗೆ ಬಂದ ಲೋಹ ಬೆತ್ತಲೆಯಾಗಿ ಅಲೆದಾಡುವಂತಿಲ್ಲ. ಪ್ರೋಟೀನುಗಳಿಗೆ ಅಂಟಿ ಅವುಗಳ ಕೆಲಸ ಕೆಡಿಸುತ್ತದೆ. ಆದ್ದರಿಂದ ಗಿಡ ಅದಕ್ಕೊಬ್ಬ ಕಾವಲುಗಾರನನ್ನು ಕಟ್ಟುತ್ತದೆ. ಗ್ರೀಸಿನ ಲೆಸ್ಬೋಸ್ ದ್ವೀಪದ ಹೆಸರು ಹೊತ್ತ ಅಲಿಸಮ್ ಎಂಬ ಗಿಡಕ್ಕೆ ನಿಕ್ಕಲ್ ಉಣಿಸಿದಾಗ, ಬೇರಿನಿಂದ ಮೇಲೇರುವ ರಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ 36 ಪಟ್ಟಿನವರೆಗೆ ಏರಿದ್ದನ್ನು 1996ರಲ್ಲಿ ಉಟೆ ಕ್ರೇಮರ್ ಮತ್ತು ಸಂಗಡಿಗರು ‘ನೇಚರ್’ನಲ್ಲಿ ವರದಿ ಮಾಡಿದರು. ಹಿಸ್ಟಿಡಿನ್ ನಿಕ್ಕಲ್ಲಿನ ಎರಡೂ ಕೈ ಹಿಡಿದುಕೊಳ್ಳುತ್ತದೆ. ನಮ್ಮ ನೀಲಿ ಹಾಲಿನ ಮರದಲ್ಲಿ ಈ ಕೆಲಸಕ್ಕೆ ಸಿಟ್ರಿಕ್ ಆಮ್ಲವಿದೆ. ನಿಂಬೆಹಣ್ಣಿಗೆ ಹುಳಿ ಕೊಡುವ ಅದೇ ಆಮ್ಲ!

ಮುಂದಿನದು ನೀರೆತ್ತುವ ಪಂಪಿನ ಕೆಲಸ. ಯುರೋಪಿನ ಅರಬಿಡಾಪ್ಸಿಸ್ ಹ್ಯಾಲೆರಿ ಎಂಬ ಗಿಡ ಸತು ಮತ್ತು ಕ್ಯಾಡ್ಮಿಯಂ ಎರಡನ್ನೂ ಎಲೆಗೆ ತುಂಬಿಕೊಳ್ಳುತ್ತದೆ. ಹತ್ತಿರದ ನೆಂಟ ಅರಬಿಡಾಪ್ಸಿಸ್ ಥಾಲಿಯಾನಕ್ಕೆ ಇದು ಸಾಧ್ಯವಿಲ್ಲ. ವ್ಯತ್ಯಾಸವೇನೆಂದು ಹುಡುಕುತ್ತಾ ಹೋದವರಿಗೆ 2008ರಲ್ಲಿ ಉತ್ತರ ಸಿಕ್ಕಿತು. ಬೇರಿನ ಕೋಶದಿಂದ ರಸನಾಳಕ್ಕೆ ಲೋಹವನ್ನು ದಬ್ಬುವ ಎಚ್‌ಎಂಎ4 ಎಂಬ ಪಂಪಿನ ಜೀನ್ ನೆಂಟನಲ್ಲಿ ಒಂದು, ಇದರಲ್ಲಿ ಸಾಲಾಗಿ ಮೂರು! ಸಾಲದ್ದಕ್ಕೆ ಅವುಗಳ ಸ್ವಿಚ್ಚೂ ಬಿಗಿಯಾಗಿ ಆನ್ ಆಗಿದೆ. ಆ ಜೀನ್‌ಗಳ ಸದ್ದಡಗಿಸಿದರೆ ಲೋಹಬಾಕನ ಹಸಿವು ಅಡಗಿ ಸಾಮಾನ್ಯ ಗಿಡದಂತಾಗುತ್ತದೆ. ಒಂದೇ ಪಂಪಿಗೆ ಇನ್ನೆರಡು ನಕಲು ಸೇರಿದ್ದು, ಬದುಕಿನ ದಾರಿಯೇ ಬೇರೆಯಾದದ್ದು.

ಇನ್ನು ಇಡುವುದೆಲ್ಲಿ? ಹಳೆಯ ಮನೆಗಳಲ್ಲಿ ನಾಗಂದಿಗೆ ಇರುತ್ತಿತ್ತು. ಇಲಿಪಾಷಾಣ, ತಿಗಣೆ ಔಷಧಿ ಎಲ್ಲ ಅದರ ಮೇಲೆ, ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ. ಗಿಡದ ಏರ್ಪಾಡೂ ಅದೇ. ಎಲೆಯ ನಡುವೆ ಬಿಸಿಲು ಹಿಡಿದು ಅಡುಗೆ ಮಾಡುವ ಹಸಿರು ಕೋಶಗಳಿರುತ್ತವೆ; ಅವು ಮನೆಯ ಮಕ್ಕಳು, ಅಲ್ಲಿಗೆ ಲೋಹ ಹೋಗಬಾರದು. ಆದ್ದರಿಂದ ಎಲೆಯ ಹೊರಪದರದ ಕೋಶಗಳಿಗೆ, ಅವುಗಳೊಳಗೂ ರಸದಾನಿ ಎಂಬ ಮುಚ್ಚಿದ ಚೀಲಕ್ಕೆ ಸಾಗಿಸಿ ಬಾಗಿಲು ಹಾಕುತ್ತದೆ. ಬಹುಪಾಲು ಲೋಹಬಾಕರ ಎಲೆಯನ್ನು ಅಡ್ಡ ಕೊಯ್ದು ಎಕ್ಸ್‌ರೇ ಹಾಯಿಸಿ ನೋಡಿದರೆ ಲೋಹದ ಬಣ್ಣ ಅಂಚಿನುದ್ದಕ್ಕೂ ಬೇಲಿಯಂತೆ ಹೊಳೆಯುತ್ತದೆ, ನಡುಮನೆ ಕತ್ತಲು.

ಇಷ್ಟು ಓದಿ ಎದ್ದವನಿಗೆ ನೆನಪಾದದ್ದು ನಮ್ಮೂರ ಹಳೆಯ ಬಾವಿ. ಸುಣ್ಣದ ಗಾರೆಯ ಕಟ್ಟೆ, ಬಿರುಕಿನಲ್ಲೆಲ್ಲ ಜರಿಗಿಡ. ಕೊಳಕು ಗೋಡೆ, ಮುರುಕು ಸೇತುವೆ, ಪುಷ್ಕರಣಿಯ ಮೆಟ್ಟಿಲು, ಎಲ್ಲಿ ಸುಣ್ಣವೋ ಅಲ್ಲಿ ಅದು. ಗರಿಯೊಂದನ್ನು ಬಾಗಿಸಿ ನೋಡಿದೆ. ನಡುದಂಟಿನ ಎರಡೂ ಬದಿಗೆ ಉದ್ದನೆಯ ಕಿರುಎಲೆಗಳು, ಬುಡಕ್ಕೆ ಬಂದಂತೆ ಗಿಡ್ಡ ಗಿಡ್ಡ, ತುದಿಯಲ್ಲಿ ಮಾತ್ರ ಒಂಟಿ ಎಲೆ ಬಾಣದಂತೆ ಚಾಚಿದೆ. ಮಗುಚಿದರೆ ಅಂಚಿನುದ್ದಕ್ಕೂ ಕಂದು ಗೆರೆ. ಸೀರೆಯ ಸೆರಗಿನ ಜರಿಯಂತೆ ಬೀಜಕಣಗಳ ಸಾಲು. ಪ್ಟೆರಿಸ್ ವಿಟಾಟ. ಭಾರತ, ಚೀನಾ ಎಲ್ಲ ಅದರ ತವರೇ. ಇಷ್ಟು ವರ್ಷ ಅದನ್ನು ಕಳೆಯೆಂದು ಕಿತ್ತೆಸೆಯುತ್ತಿದ್ದೆವು.

ಅಮೆರಿಕದ ಫ್ಲಾರಿಡಾದಲ್ಲಿ ಮರದ ದಿಮ್ಮಿಗಳಿಗೆ ಗೆದ್ದಲು ಹಿಡಿಯದಂತೆ ಆರ್ಸೆನಿಕ್ ಬೆರೆತ ದ್ರಾವಣ ಬಳಿಯುತ್ತಿದ್ದ, ಆಮೇಲೆ ಪಾಳುಬಿದ್ದ ಜಾಗವೊಂದಿತ್ತು. ಮಣ್ಣೆಲ್ಲ ಪಾಷಾಣ. ಲೀನಾ ಮಾ ಮತ್ತು ಸಂಗಡಿಗರು ಅಲ್ಲಿನ ಗಿಡಗಳನ್ನು ಪರೀಕ್ಷಿಸಿದಾಗ ಈ ಜರಿ ಎದ್ದು ನಿಂತಿತು. 2001ರ ‘ನೇಚರ್’ ವರದಿಯ ಅಂಕಿಗಳನ್ನು ನೋಡಿ. ಆರ್ಸೆನಿಕ್ ಬೆರೆಸಿದ ಮಣ್ಣಿನಲ್ಲಿ ನೆಟ್ಟರೆ ಗರಿಯಲ್ಲಿನ ಪ್ರಮಾಣ ಕಿಲೋಗೆ 29.4 ಮಿಲಿಗ್ರಾಂನಿಂದ ಎರಡೇ ವಾರದಲ್ಲಿ 15,861ಕ್ಕೆ! ಆರು ವಾರಕ್ಕೆ ಗರಿಯ ಒಣತೂಕದ ಶೇ. 2.3 ಆರ್ಸೆನಿಕ್. ಹೀರಿದ್ದರಲ್ಲಿ ಶೇ. 93ರವರೆಗೆ ಬೇರಿನಲ್ಲಿ ಉಳಿಯದೆ ಗರಿಗೇ ಏರುತ್ತದೆ. ಮಲಿನವಲ್ಲದ ಮಣ್ಣಿನಲ್ಲಿ ಬೆಳೆದರೂ ಸುಮ್ಮನಿರದೆ, ಮಣ್ಣಿನಲ್ಲಿರುವುದಕ್ಕಿಂತ ಹೆಚ್ಚನ್ನು ಹೆಕ್ಕಿ ಹೆಕ್ಕಿ ಕೂಡಿಹಾಕುತ್ತದೆ. ಆರ್ಸೆನಿಕ್ ಅಪ್ಪಟ ಲೋಹವಲ್ಲ, ಅರೆಲೋಹ ಎಂದು ರಸಾಯನಶಾಸ್ತ್ರದ ಮೇಷ್ಟ್ರು ಕೈಯೆತ್ತಬಹುದು. ಒಪ್ಪಿದೆ, ಮುಂದೆ ಹೋಗೋಣ.

ಇಲ್ಲೂ ವೇಷದ ಆಟವೇ. ಮೂಲಧಾತುಗಳ ಕೋಷ್ಟಕದಲ್ಲಿ ರಂಜಕದ ಕೆಳಗಿನ ಮನೆಯೇ ಆರ್ಸೆನಿಕ್‌ನದು. ಮಣ್ಣಿನ ಆರ್ಸೆನೇಟ್ ಬೇರಿಗೆ ಫಾಸ್ಫೇಟ್ ಗೊಬ್ಬರದಂತೆಯೇ ಕಾಣುತ್ತದೆ, ಫಾಸ್ಫೇಟಿನ ಬಾಗಿಲಿನಲ್ಲೇ ಒಳಬರುತ್ತದೆ. ಜರಿ ಅದನ್ನು ಆರ್ಸೆನೈಟ್ ಆಗಿ ಬದಲಿಸಿ, ಎಸಿಆರ್3 ಎಂಬ ಸಾಗಣೆದಾರನ ಕೈಲಿ ರಸದಾನಿಗೆ ಸಾಗಿಸುತ್ತದೆ. ರೋಮಾಂಚನವಾಗುವುದು ಇಲ್ಲಿ: ಯೀಸ್ಟ್‌ನಲ್ಲಿ, ಪಾಚಿಯಲ್ಲಿ, ಜರಿಯಲ್ಲಿ ಇರುವ ಈ ಎಸಿಆರ್3 ಹೂಬಿಡುವ ಗಿಡಗಳಲ್ಲಿ ಇಲ್ಲವೇ ಇಲ್ಲ. ವಿಕಾಸದ ದಾರಿಯಲ್ಲಿ ಎಲ್ಲೋ ಬೀಳಿಸಿಕೊಂಡಿವೆ. ಹೂವಿಲ್ಲದ ಈ ಮುದಿ ವಂಶ ಅಜ್ಜಿಯ ಪೆಟ್ಟಿಗೆಯ ಕೀಲಿಯನ್ನು ಇನ್ನೂ ಸೆರಗಿನಲ್ಲೇ ಕಟ್ಟಿಕೊಂಡಿದೆ.

ಆ ಕೀಲಿ ಇಲ್ಲದ ಭತ್ತದ ಪಾಡು ನೋಡಿ. ನೀರು ನಿಂತ ಗದ್ದೆಯಲ್ಲಿ ಆರ್ಸೆನಿಕ್ ಆರ್ಸೆನೈಟ್ ರೂಪದಲ್ಲಿರುತ್ತದೆ. ಅದು ಭತ್ತ ತನ್ನ ದಂಟು ಗಟ್ಟಿ ಮಾಡಲು ಸಿಲಿಕಾನ್ ಎಳೆದುಕೊಳ್ಳುವ ಬಾಗಿಲಿನಲ್ಲಿ ನುಗ್ಗುತ್ತದೆ. ಬಂಗಾಳದ ಅನ್ನದಲ್ಲಿ ಆರ್ಸೆನಿಕ್ ಸಿಗುವುದರ ಹಿಂದೆ ಈ ಬಾಗಿಲಿದೆ. ನಮ್ಮಲ್ಲೂ ಚಿನ್ನದ ಬಂಡೆಯ ಸೀಮೆಯಲ್ಲಿ, ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ, ಕುಡಿಯುವ ನೀರಿನ ಆರ್ಸೆನಿಕ್‌ನಿಂದ ಜನರ ಚರ್ಮ ಕೆಟ್ಟದ್ದು ದಾಖಲಾಗಿದೆ.

ವಿಷ ಕೂಡಿಟ್ಟು ಗಿಡಕ್ಕೇನು ಲಾಭ? ಉತ್ತರ ಹುಳುವಿನ ಬಾಯಲ್ಲಿದೆ. ಕ್ಯಾಲಿಫೋರ್ನಿಯಾದ ಸ್ಟ್ರೆಪ್ಟಾಂಥಸ್ ಎಂಬ ನಿಕ್ಕಲ್ ಗಿಡದ ಎಲೆ ತಿನ್ನಿಸಿದಾಗ ಎಲೆಕೋಸಿನ ಬಿಳಿ ಚಿಟ್ಟೆಯ ಮರಿಗಳು ಸತ್ತವು. ಅದೇ ಗಿಡವನ್ನು ನಿಕ್ಕಲ್ ಕಡಿಮೆಯಿರುವ ಮಣ್ಣಿನಲ್ಲಿ ಬೆಳೆಸಿದರೆ ಅವು ಉಂಡು ಕೊಬ್ಬಿದವು. ಲೋಹ ಗಿಡದ ಕಾವಲಿಗೆ ಎಂಬ ಈ ವಾದವನ್ನು 1994ರಲ್ಲಿ ಮಾರ್ಟೆನ್ಸ್ ಮತ್ತು ಬಾಯ್ಡ್ ಮಂಡಿಸಿದರು. ನಮ್ಮ ಜರಿಯ ಗರಿಯಲ್ಲಿ ಆರ್ಸೆನಿಕ್ ಇದ್ದರೆ ಮಿಡತೆ ಹತ್ತಿರ ಸುಳಿಯುವುದಿಲ್ಲ. ಬೇವು ತನ್ನ ಕಹಿಯನ್ನು ತಾನೇ ಅಡುಗೆ ಮಾಡಿಕೊಳ್ಳಬೇಕು. ಇವು ನೆಲದಿಂದ ಸಿದ್ಧ ವಿಷವನ್ನೇ ಎತ್ತಿಕೊಂಡಿವೆ. ಹಾಗೆಂದು ಹುಳುಗಳು ಸುಮ್ಮನಿವೆಯೇ? ಕೋಸು ಬೆಳೆಯುವವರಿಗೆಲ್ಲ ಪರಿಚಯವಿರುವ ವಜ್ರಬೆನ್ನಿನ ಪತಂಗದ ಒಂದು ತಳಿ, ಸೆಲೆನಿಯಂ ತುಂಬಿದ ಸ್ಟಾನ್ಲೇಯ ಗಿಡವನ್ನು ಅರಗಿಸಿಕೊಂಡು ಬದುಕುವುದು 2006ರಲ್ಲಿ ಕಂಡುಬಂತು. ಅಷ್ಟೇ ಅಲ್ಲ, ಆ ಪತಂಗದ ಮರಿಯ ಮೈಯಲ್ಲಿ ಮೊಟ್ಟೆಯಿಟ್ಟು ಬೆಳೆಯುವ ಕಣಜವೂ ಸೆಲೆನಿಯಂಗೆ ಒಗ್ಗಿಕೊಂಡಿದೆ!

ಇಷ್ಟಾದ ಮೇಲೆ ಮನುಷ್ಯನಿಗೆ ಆಸೆ ಹುಟ್ಟದೆ ಇದ್ದೀತೆ? ಅಲ್ಬೇನಿಯದಲ್ಲಿ ಅಲಿಸಮ್ ಬಿತ್ತಿ, ಗೊಬ್ಬರ ಹಾಕಿ, ಕೊಯ್ದು, ಸುಟ್ಟು, ಬೂದಿಯಿಂದ ನಿಕ್ಕಲ್ ತೆಗೆಯುವ ಬೇಸಾಯ ಪ್ರಯೋಗವಾಗಿದೆ. ಹೆಕ್ಟೇರಿಗೆ ನೂರು ಕಿಲೋ ಮೀರಿ ನಿಕ್ಕಲ್ ಸಿಕ್ಕಿದೆ. ಮಲೇಷ್ಯಾದ ಸಬಾದಲ್ಲಿ ನೆಲ್ಲಿಯ ಕುಲದ ಗಿಡವೊಂದರ ಮೇಲೆ ಇದೇ ಪ್ರಯತ್ನ ನಡೆದಿದೆ. ಗಣಿಯ ಗುಂಡಿಗಿಂತ ಗದ್ದೆ ಮೇಲು, ನಿಜ. ಆದರೆ ಇದರಿಂದ ಜಗತ್ತಿನ ಗಣಿಗಳೆಲ್ಲ ಮುಚ್ಚುತ್ತವೆ ಎಂದು ನಾನು ನಂಬುವುದಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಕಾಲ್ಗೂರ್ಲಿ ಬಳಿ ಸುಮಾರು 30 ಮೀಟರ್ ಆಳದ ನಿಕ್ಷೇಪದಿಂದ ನೀಲಗಿರಿ ಮರಗಳು ಚಿನ್ನವನ್ನೇ ಎಲೆಗೆ ಎತ್ತಿದ್ದು 2013ರಲ್ಲಿ ಸುದ್ದಿಯಾಯಿತು. ಕೋಲಾರದ ನೀಲಗಿರಿ ತೋಪಿನವರು ಕೊಡಲಿ ಹುಡುಕುವ ಮುನ್ನ ಲೆಕ್ಕ ಕೇಳಿಸಿಕೊಳ್ಳಲಿ: ಒಂದು ಉಂಗುರಕ್ಕೆ ಇಂಥ 500 ಮರ ಬೇಕು.

ಲೋಹಬಾಕರು ಅಪರೂಪ, ಆದರೆ ಬೇರಿನ ಬಾಗಿಲು ಎಲ್ಲ ಗಿಡಕ್ಕೂ ಇದೆ. ಪಾಲಕ್, ದಂಟು, ಹರಿವೆಯಂಥ ಸೊಪ್ಪುಗಳು ಕಾಳು, ಕಾಯಿಗಳಿಗಿಂತ ಸುಲಭವಾಗಿ ಕ್ಯಾಡ್ಮಿಯಂ ತುಂಬಿಕೊಳ್ಳುತ್ತವೆ. ನೋಡಲು ಹಚ್ಚಹಸಿರು, ರುಚಿಯಲ್ಲೂ ವ್ಯತ್ಯಾಸವಿಲ್ಲ. ತೊಳೆದರೆ ಮೇಲಿನ ಧೂಳು ಹೋದೀತು, ರಸದಾನಿಯೊಳಗಿನದು ಹೋಗದು. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿಯ ನೀರಿನಲ್ಲಿ ಬೆಳೆದ ಸೊಪ್ಪಿನ ಬಗ್ಗೆ ತಜ್ಞರು ಎಚ್ಚರಿಸುತ್ತಿರುವುದು ಸುಮ್ಮನಲ್ಲ.

ಮಳೆ ಹಿಡಿದ ಮೇಲೆ ಹಳೆಯ ಗೋಡೆಗಳಲ್ಲಿ ಜರಿ ಚಿಗುರುತ್ತದೆ. ಕಂಡರೆ ಕೀಳಬೇಡಿ, ಗರಿ ಬಾಗಿಸಿ, ಮಗುಚಿ, ಅಂಚಿನ ಕಂದು ಗೆರೆ ನೋಡಿ, ಹಾಗೇ ಬಿಟ್ಟುಬಿಡಿ. ಗುಜರಿ ಸುಟ್ಟ ಜಾಗ, ಗಣಿಯ ಮಣ್ಣು ಗುಡ್ಡೆಹಾಕಿದ ಜಾಗದಲ್ಲಿ ಬೆಳೆದದ್ದಾದರೆ ದನಕ್ಕೆ ಹಾಕಬೇಡಿ, ತಿಪ್ಪೆಗೂ ಎಸೆಯಬೇಡಿ. ಗೊಬ್ಬರವಾಗಿ ಗದ್ದೆಗೆ ಹೋದರೆ ಅಲ್ಲಿ ಭತ್ತ ಕಾಯುತ್ತಿರುತ್ತದೆ.